ಎರಡು ಮೆಟ್ಟಿಲು ಮೇಲಿನ ದನಿ

ನನ್ನ ಅಕ್ಕ ಕಾರು ಓಡಿಸುವುದನ್ನು ಕಲಿಸುತ್ತಾಳೆ. ನಮ್ಮೂರಿನಲ್ಲಿ ಸ್ಟೀರಿಂಗ್ ಹಿಡಿದವರಲ್ಲಿ ಅರ್ಧ ಜನ ಅವಳಿಂದ ಬೈಸಿಕೊಂಡವರೇ. ಕಲಿಯುವವರ ಪಕ್ಕದ ಸೀಟಿನಲ್ಲಿ ಕೈಕಟ್ಟಿ ಕೂತಿರುತ್ತಾಳೆ. ಅವಳ ಕಾಲ ಬಳಿಯೂ ಒಂದು ಬ್ರೇಕು, ಒಂದು ಕ್ಲಚ್ಚು ಇವೆ. ಪಾದ ಅವುಗಳ ಮೇಲೆ ಸುಮ್ಮನೆ ಕೂತಿರುತ್ತದೆ. ಎದುರಿಗೆ ಲಾರಿ ಬಂದರೂ ಅವಳ ದನಿ ಏರುವುದಿಲ್ಲ. "ಕ್ಲಚ್ ನಿಧಾನಕ್ಕೆ ಬಿಡಿ, ಅದೇನು ನಿಮ್ಮ ಶತ್ರುನಾ?" ಎನ್ನುತ್ತಾಳೆ, ಅಷ್ಟೇ. ಅವಳ ಬೆನ್ನ ಹಿಂದೆ ಎಲ್ಲರೂ 'ಹಾಫ್ ಕ್ಲಚ್ ಮೇಡಂ' ಎನ್ನುತ್ತಾರೆ. ಅದು ಅವಳಿಗೂ ಗೊತ್ತು.

ನಾನು ಆಫೀಸಿನಲ್ಲಿ ಕೂರುವವಳು. ಫೋನ್ ಎತ್ತುವುದು, ಯಾರಿಗೆ ಯಾವ ಹೊತ್ತಿಗೆ ಕ್ಲಾಸು ಎಂದು ಹೇಳುವುದು, ಟೆಸ್ಟಿನಲ್ಲಿ ಫೇಲಾಗಿ ಬಂದು ಕುರ್ಚಿಯಲ್ಲಿ ಕುಸಿದವರಿಗೆ ನೀರು ಕೊಡುವುದು ನನ್ನ ಪಾಲು. ನಮ್ಮಿಬ್ಬರಿಗೆ ದೇವರು ತಾಳ್ಮೆ ಹಂಚುವಾಗ ಪೂರ್ತಿ ಅವಳ ತಟ್ಟೆಗೇ ಸುರಿದುಬಿಟ್ಟ. ನನ್ನ ಪಾಲಿಗೆ ಬಂದದ್ದು ಬಾಯಿ.

ಕಾರಿನಲ್ಲಿ ರೇಡಿಯೊ ಇಲ್ಲ. ಅದು ಇರಬೇಕಾದ ಕಡೆ ಚೌಕಾಕಾರದ ಕಿಂಡಿಯಿದೆ; ಅದರಲ್ಲಿ ಗಾಜು ಒರೆಸುವ ಬಟ್ಟೆ ತುರುಕಿದ್ದಾಳೆ. ಕಲಿಯುವವರ ಗಮನ ಚೆದುರಬಾರದೆಂದು ತೆಗೆಸಿದ್ದಾರೆ ಎಂದು ಜನ ತಿಳಿದಿದ್ದಾರೆ. ಹಾಗಲ್ಲ. ಎಂದಾದರೊಂದು ದಿನ ಅದರಲ್ಲಿ ತನ್ನದೇ ದನಿ ಬಂದುಬಿಟ್ಟೀತು ಎಂಬ ಹೆದರಿಕೆ ಅವಳಿಗೆ.

ಹೌದು, ಅಕ್ಕ ಒಂದು ಕಾಲದಲ್ಲಿ ಹಾಡುತ್ತಿದ್ದಳು. ಆಗ ಅವಳಿಗೆ ಇಪ್ಪತ್ತು ದಾಟಿತ್ತು, ನಾನು ಕಾಲೇಜು ಸೇರಿದ್ದೆ. ಅವರದ್ದು ನಾಲ್ವರ ಬ್ಯಾಂಡು. ರಾಕ್ ಬ್ಯಾಂಡು, ಪ್ರಯೋಗ ಮಾಡುವ ಬ್ಯಾಂಡು ಎಂದು ಅವರೇ ಹೇಳಿಕೊಳ್ಳುತ್ತಿದ್ದರು. ನಮ್ಮಮ್ಮ ಅದನ್ನು 'ಪಾತ್ರೆ ಅಂಗಡಿ' ಎನ್ನುತ್ತಿದ್ದಳು, ಅಮ್ಮನ ಮಾತಿನಲ್ಲಿ ಸುಳ್ಳೇನೂ ಇರಲಿಲ್ಲ. ಡ್ರಮ್ಸ್‌ನವನು ತಗಡಿನ ಮುಚ್ಚಳ, ಸೈಕಲ್ ಚಕ್ರ, ನೀರಿನ ಪೈಪು, ಕೈಗೆ ಸಿಕ್ಕಿದ್ದನ್ನೆಲ್ಲ ಬಡಿಯುತ್ತಿದ್ದ. ಗಿಟಾರಿನವನು ಗಿಟಾರನ್ನು ಮೇಜಿನ ಮೇಲೆ ಮಲಗಿಸಿ ಚಮಚದಿಂದ ಕೆರೆಯುತ್ತಿದ್ದ; ಈಗ ಹಲ್ಲಿನ ಡಾಕ್ಟರಾಗಿದ್ದಾನೆ, ಕೆರೆಯುವ ಕೆಲಸ ಮಾತ್ರ ಬಿಟ್ಟಿಲ್ಲ. ನನ್ನ ಭಾವ, ಆಗಿನ್ನೂ ಭಾವನಾಗಿರದ ಭಾವ, ಆರ್ಗನ್ ನುಡಿಸುತ್ತಿದ್ದರು. ಟೇಪ್ ಯಂತ್ರದ ಉಸ್ತುವಾರಿಯೂ ಅವರದೇ. ಅಕ್ಕ ಹಾಡುತ್ತಿದ್ದಳು.

ಅವರ ಕೆಲಸದ ರೀತಿಯೇ ಬೇರೆ. ಒಂದು ಹಾಡನ್ನು ಒಂದೇ ಸಲ ಟೇಪಿಗೆ ಹಾಡಬೇಕು. ಸರಿಯಾಗಲಿಲ್ಲವೆಂದು ಮತ್ತೊಮ್ಮೆ ಹಾಡುವಂತಿಲ್ಲ. ಮೊದಲೇ ಅಭ್ಯಾಸ ಮಾಡುವಂತೆಯೂ ಇಲ್ಲ. ಯಾರಾದರೂ ಇನ್ನೊಂದು ಸಲ ನೋಡೋಣವೇ ಎಂದರೆ ಉಳಿದವರೆಲ್ಲ ಸೇರಿ, "ಹಾಡಿದ್ದೇ ಹಾಡೋ ಕಿಸಬಾಯಿ ದಾಸ" ಎಂದು ರೇಗಿಸಿ ಬಾಯಿ ಮುಚ್ಚಿಸುತ್ತಿದ್ದರು. ಹಾಡುವವರನ್ನು ಯಾರೂ ನೋಡಬಾರದೆಂದು ಅಕ್ಕನನ್ನು ಒಂದು ಕೋಣೆಯಲ್ಲಿ ಒಬ್ಬಳನ್ನೇ ಬಿಟ್ಟು ಬಾಗಿಲು ಹಾಕುತ್ತಿದ್ದರು. ಎಲ್ಲಕ್ಕಿಂತ ವಿಚಿತ್ರವೆಂದರೆ ಮಾಡಿದ ದಿನ ಮಾಡಿದ್ದನ್ನು ಕೇಳಬಾರದು. ಒಂದು ವಾರ ಹೋಗಲಿ, ಬಿಸಿ ಆರಲಿ ಎನ್ನುತ್ತಿದ್ದರು ಭಾವ. ಅದು ಅವರೇ ಮಾಡಿದ ನಿಯಮ. ಮೊದಲ ಸಲಕ್ಕೆ ಬರುವುದು ಮತ್ತೆ ಬರುವುದಿಲ್ಲ ಎಂಬ ನಂಬಿಕೆ ಅವರ ನಾಲ್ವರಿಗೂ ರಕ್ತದಲ್ಲೇ ಇತ್ತು. ನನಗೆ ಅದೆಲ್ಲ ಕೊಬ್ಬು ಅನ್ನಿಸುತ್ತಿತ್ತು. ಈಗಲೂ ಸ್ವಲ್ಪ ಹಾಗೆಯೇ ಅನ್ನಿಸುತ್ತದೆ.

ಅವರ ಒಂದೇ ಒಂದು ರೆಕಾರ್ಡು ಹೊರಬಂತು. ಅದರ ಕೊನೆಯ ಹಾಡಿಗಾಗಿ ಬಟ್ಟೆಯ ಹಳೆಯ ಗೋದಾಮೊಂದರಲ್ಲಿ, ಗೋಡೆಗೆ ರಜಾಯಿ ಬಡಿದ ಪುಟ್ಟ ಕೋಣೆಯೊಳಗೆ ಅಕ್ಕ ಹೋದಳು. ಹಿಂದಿನ ದಿನವೇ ಭಾವ ಆರ್ಗನ್ನನ್ನು ಟೇಪಿಗೆ ತುಂಬಿಸಿಟ್ಟಿದ್ದರು. ತಾಳವಿಲ್ಲ, ಬಡಿತವಿಲ್ಲ, ಬರೀ ಉದ್ದುದ್ದನೆಯ ಸ್ವರಗಳು. ಅದನ್ನು ಕಿವಿಗೆ ಹಾಕಿಕೊಂಡು, ಬಾಯಿಗೆ ಬಂದ ಮಾತು ಜೋಡಿಸುತ್ತ ಅಕ್ಕ ಒಂದೇ ಸಲ ಹಾಡಿ ಮುಗಿಸಿದಳು. ವಾರ ಕಳೆದ ಮೇಲೆ ಎಲ್ಲರೂ ಕೂತು ಕೇಳಿದರು, ನಾನೂ ಇದ್ದೆ. ಹಾಡಿನ ಕೊನೆಗೆ ಅವಳ ದನಿ ಏರುತ್ತದೆ. ಇನ್ನು ಒಡೆಯಿತು ಎನ್ನುವಲ್ಲಿ ಒಡೆಯದೆ ಇನ್ನೂ ಮೇಲಕ್ಕೆ ಹೋಗುತ್ತದೆ. ಏರು ಮುಗಿದದ್ದೇ ಭಾವ ಟೇಪು ನಿಲ್ಲಿಸಿದರು.

"ನಾನಾ ಇದು?" ಎಂದಳು ಅಕ್ಕ.

"ನೀನೇ, ಮತ್ಯಾರು?" ಎಂದರು ಭಾವ. ಅವತ್ತು ಅವಳ ಮುಖದಲ್ಲಿದ್ದ ಬೆಳಕನ್ನು ನಾನು ಮತ್ತೆ ನೋಡಲಿಲ್ಲ.

ಆ ಹಾಡು ಸ್ವಲ್ಪ ಹೆಸರು ಮಾಡಿತು. ವೇದಿಕೆಗೆ ಕರೆ ಬಂತು. ಮೊದಲ ವೇದಿಕೆಯಲ್ಲೇ, ಆ ಏರುವ ಜಾಗ ಬಂದಾಗ, ಅಕ್ಕನ ದನಿ ಒಡೆದುಹೋಯಿತು. ಎರಡನೆಯ ಸಲ ವಾರಗಟ್ಟಲೆ ಬಿಸಿನೀರು ಕುಡಿದು, ಮಾತು ಬಿಟ್ಟು, ಗಂಟಲನ್ನು ಮಗುವಿನ ಹಾಗೆ ನೋಡಿಕೊಂಡು ಹೋದಳು. ಆಗಲೂ ಒಡೆಯಿತು. ಮೂರನೆಯ ಸಲ ಹಾಡು ಅರ್ಧದಲ್ಲಿರುವಾಗ ಮೈಕು ಕೆಳಗಿಟ್ಟು ಇಳಿದು ಬಂದುಬಿಟ್ಟಳು. ಆಮೇಲೆ ಬ್ಯಾಂಡು ಜಗಳವಿಲ್ಲದೆ ಮುಗಿಯಿತು. ಯಾರೂ ಯಾರನ್ನೂ ದೂರಲಿಲ್ಲ, ಅಕ್ಕ ತನ್ನನ್ನು ತಾನು ದೂರಿಕೊಂಡಳು.

"ಕುಣಿಲಾರದೋಳು ನೆಲ ಡೊಂಕು ಅಂದ್ಳಂತೆ. ನಾನು ಹಾಗನ್ನೋಳಲ್ಲ ಕಣೇ," ಎಂದು ಒಮ್ಮೆ ನನಗೆ ಹೇಳಿದ್ದಳು. "ಒಂದು ದಿನದ ಮಟ್ಟಿಗೆ ನಂಗೆ ಆ ದನಿ ಬಂದಿತ್ತು. ಹೋಯ್ತು. ಅಷ್ಟೇ."

ಭಾವ ಅವಳನ್ನು ಮದುವೆಯಾದರು. ಬಟ್ಟೆ ಒಗೆಯುವ ಯಂತ್ರ ರಿಪೇರಿಯ ಅಂಗಡಿ ಹಾಕಿದರು, ಅಕ್ಕ ಕಾರು ಕಲಿಸುವುದಕ್ಕೆ ನಿಂತಳು. ಸಂಸಾರ ಚೆನ್ನಾಗಿಯೇ ನಡೆಯಿತು. ಅಕ್ಕ ಗಂಡನನ್ನು 'ರೀ' ಎಂದವಳಲ್ಲ. ಬ್ಯಾಂಡಿನ ದಿನಗಳಿಂದಲೂ ಅವರು ಅವಳಿಗೆ 'ಲೋ'. ಆದರೆ ಮನೆಯಲ್ಲಿ ಅವಳು ಒಂದು ಸಾಲು ಗುನುಗಿದ್ದನ್ನೂ ನಾವ್ಯಾರೂ ಕೇಳಲಿಲ್ಲ. ಮಗ ಹುಟ್ಟಿದಾಗ ತೊಟ್ಟಿಲು ತೂಗಿದಳು, ಜೋಗುಳ ಹಾಡಲಿಲ್ಲ. ಹಾಡಿದ್ದು ನಾನು, ಪಾಪ ಆ ಮಗು. ಹಾಡು ಎಂದು ಭಾವ ಒಂದು ದಿನವೂ ಕೇಳಲಿಲ್ಲ. ಗಾಯ ಮುಟ್ಟಬಾರದೆಂದು ಸುಮ್ಮನಿದ್ದರು. ಅದು ಪ್ರೀತಿಯೇ, ಇಲ್ಲವೆನ್ನುವುದಿಲ್ಲ. ಆದರೆ ಯಾರೂ ಮುಟ್ಟದೆ ಬಿಟ್ಟ ಗಾಯ ಒಳಗೇ ಹಾಗೇ ಉಳಿಯುತ್ತದೆ.

ಹೀಗಿರುವಾಗ ಹೋದ ವರ್ಷ ಒಬ್ಬನ ಫೋನ್ ಬಂತು. ರೀಮಿಕ್ಸ್ ಮಾಡುವವನಂತೆ. ರೆಕಾರ್ಡು ಕಂಪನಿಯವರಿಂದ ಮೂಲ ಟೇಪುಗಳು ಅವನ ಕೈಗೆ ಬಂದಿವೆಯಂತೆ. ನಮ್ಮವರ ಹಳೆಯ ಹಾಡುಗಳನ್ನು ಈಗಿನ ಹಲವು ಸಂಗೀತಗಾರರಿಗೆ ಒಂದೊಂದಾಗಿ ಹಂಚಿದ್ದಾನಂತೆ. ಅವರು ಅವನ್ನು ಬಿಚ್ಚಿ, ಕತ್ತರಿಸಿ, ತಮ್ಮ ತಮ್ಮ ರೀತಿಯಲ್ಲಿ ಮತ್ತೆ ಹೊಲಿದು ಒಂದು ಹೊಸ ಆಲ್ಬಂ ಮಾಡುತ್ತಾರಂತೆ. ಕೊನೆಯ ಹಾಡನ್ನು ಮಾತ್ರ ಅವನು ತನಗೇ ಇಟ್ಟುಕೊಂಡಿದ್ದ. ಅದರ ಹೊಸ ರೂಪಕ್ಕೆ ಮೇಡಂ ಎರಡು ಸಾಲು ಹೊಸದಾಗಿ ಹಾಡಿಕೊಡಬೇಕು ಎಂದು ಅವನ ಆಸೆ.

ಅಕ್ಕ ಫೋನ್ ತೆಗೆದುಕೊಂಡಳು. "ಬೇರೆ ಹಾಡೆಲ್ಲ ಏನು ಬೇಕಾದ್ರೂ ಮಾಡ್ಕೊಳ್ಳಿ. ಕೊನೇ ಹಾಡಲ್ಲಿ ನನ್ನ ಹೊಸ ದನಿನೂ ಬೇಡ, ಹಳೇ ದನಿನೂ ಬೇಡ," ಎಂದು ಹೇಳಿ ಇಟ್ಟುಬಿಟ್ಟಳು. ನಂತರ ಹೊರಗೆ ಹೋಗಿ, ತೊಳೆದಿದ್ದ ಕಾರನ್ನೇ ಮತ್ತೆ ತೊಳೆದಳು.

ಕೆಲವು ದಿನ ಕಳೆದ ಮೇಲೆ ನಲವತ್ತರ ಆಸುಪಾಸಿನ, ಕೂದಲನ್ನು ಜುಟ್ಟು ಕಟ್ಟಿದ ಒಬ್ಬ ಮನುಷ್ಯ ಕಾರು ಕಲಿಯಬೇಕೆಂದು ಬಂದ. ನಾನು ಸೇರಿಸಿಕೊಂಡೆ. ಮೊದಲ ಕ್ಲಾಸಿನ ದಿನ ಲೈಸೆನ್ಸ್ ಆಫೀಸಿಗೆ ಹೋಗಬೇಕಿದ್ದ ನಾನು ಹಿಂದಿನ ಸೀಟಿನಲ್ಲಿದ್ದೆ. ಅವನು ಕನ್ನಡಿ ಸರಿಮಾಡಿಕೊಂಡು, "ಈಗ ಫಸ್ಟ್ ಗೇರಾ ಮೇಡಂ?" ಎಂದ.

"ನಿಮ್ಮ ದನಿ ಎಲ್ಲೋ ಕೇಳಿದೀನಲ್ಲ," ಎಂದಳು ಅಕ್ಕ.

ಕಾರು ಒಮ್ಮೆ ಹಾರಿ ನಿಂತುಹೋಯಿತು. "ಫೋನಲ್ಲಿ ಮೇಡಂ," ಎಂದ ಅವನು ತಲೆ ತಗ್ಗಿಸಿ.

"ಹೂಂ. ಹಾಡಿನ ಮಾತೆತ್ತಿದ್ರೆ ಇಲ್ಲೇ ಇಳಿಸ್ಬಿಡ್ತೀನಿ. ಕಾರು ಓಡ್ಸೋಕೆ ಬರಲ್ಲ ಅನ್ನೋದಾದ್ರೂ ನಿಜಾನಾ?"

"ಅದೊಂದು ಮಾತ್ರ ನೂರಕ್ಕೆ ನೂರು ನಿಜ ಮೇಡಂ."

"ಹಾಗಿದ್ರೆ ಕಲೀರಿ. ಕೀ ತಿರುಗ್ಸಿ."

ಅವನು ಕಲಿಯುತ್ತ ಬಂದ. ಅಂಥ ಕೆಟ್ಟ ವಿದ್ಯಾರ್ಥಿಯನ್ನು ಅಕ್ಕ ಕಂಡಿರಲಿಲ್ಲ. ಹಾಡಿನ ಮಾತೆತ್ತಲಿಲ್ಲ, ಅದನ್ನು ಮಾತ್ರ ಒಪ್ಪಬೇಕು. ಕ್ಲಾಸು ಮುಗಿದ ಮೇಲೆ ಆಫೀಸಿನಲ್ಲಿ ಕೂತು ನನ್ನ ತಲೆ ತಿನ್ನುತ್ತಿದ್ದ. ಒಂದು ಮಧ್ಯಾಹ್ನ ಅಕ್ಕ ಬೇರೊಬ್ಬರಿಗೆ ಕಲಿಸಲು ಹೋಗಿದ್ದಳು. ಅವನು ಮೆಲ್ಲಗೆ ಕೇಳಿದ.

"ಒಂದು ವಿಷಯ ಮೇಡಂ. ಆ ಕೊನೇ ಹಾಡು ಮಾಡೋವಾಗ ರೂಮಲ್ಲಿ ಚಿಕ್ಕ ಹುಡುಗಿ ಯಾರಾದ್ರೂ ಇದ್ರಾ?"

ನನಗೆ ಮೂಗಿನ ತುದಿಯಲ್ಲೇ ಕೋಪ. "ಆಗ ನಮ್ಮಕ್ಕಂಗೆ ಮದುವೆನೇ ಆಗಿರ್ಲಿಲ್ಲ. ಯಾವ ಹುಡುಗಿ, ಎಲ್ಲಿಂದ ಬರ್ತಾಳೆ? ಕೇಳೋ ಪ್ರಶ್ನೆನಾ ಇದು?"

ಅವನು ಬೇಜಾರು ಮಾಡಿಕೊಳ್ಳಲಿಲ್ಲ. ಹಳೆಯ ಟೇಪಿನಲ್ಲಿ ಆರ್ಗನ್ ಬೇರೆ, ದನಿ ಬೇರೆ, ಬಡಿತ ಬೇರೆ ಎಂದು ಪ್ರತಿಯೊಂದೂ ಬೇರೆ ಬೇರೆ ದಾರಿಯಲ್ಲಿ, ಎಂದರೆ ಟ್ರ್ಯಾಕಿನಲ್ಲಿ, ಇರುತ್ತದಂತೆ. ದನಿಯೊಂದನ್ನೇ ತೆಗೆದು ಕೇಳುವಾಗ, ಹಾಡು ಮುಗಿದ ಮೇಲೆ, ರೆಕಾರ್ಡಿನಲ್ಲಿ ಕತ್ತರಿಸಿದ್ದ ಜಾಗದಲ್ಲಿ, ಒಂದು ಹುಡುಗಿ ಏನೋ ಮಾತಾಡುತ್ತಾಳೆ ಎಂದ. ಚೀಲದಿಂದ ಕಂಪ್ಯೂಟರ್ ತೆಗೆದು ಮೇಜಿನ ಮೇಲಿಟ್ಟು, ಹೆಡ್‌ಫೋನ್ ನನ್ನ ಕಿವಿಗೆ ಹಾಕಿದ.

ಸಣ್ಣ, ಚುರುಕು ದನಿ. "ಬಾಗಿಲು ತೆಗೀರೋ. ನಾನಿಲ್ಲಿ ಬೆಂದು ಹೋದ್ರೆ ಆಮೇಲೆ ನೀವೇ ಎತ್ಕೊಂಡು ಹೋಗ್ಬೇಕು."

ನನಗೆ ನಗು ಬಂತು, ಅಲ್ಲೇ ನಿಂತುಹೋಯಿತು. ಈ ಮಾತಿನ ಧಾಟಿಯಲ್ಲಿ ದಿನಕ್ಕೊಮ್ಮೆಯಾದರೂ ನನಗೆ ಬೈಗುಳ ಬೀಳುತ್ತದೆ. ಊಟಕ್ಕೆ ತಡವಾದರೆ, ನಾನಿಲ್ಲಿ ಹಸಿದು ಬಿದ್ದರೆ ಆಮೇಲೆ ನೀವೇ ಎತ್ತಬೇಕು. ಗ್ಯಾಸ್ ಖಾಲಿಯಾದರೆ, ನಾನು ಹಸಿ ತರಕಾರಿ ತಿಂದರೆ ಆಮೇಲೆ ನೀವೇ ನೋಡಬೇಕು.

"ಇದು ನಮ್ಮಕ್ಕ," ಎಂದೆ.

"ಇದು ಹತ್ತು ಹನ್ನೆರಡು ವರ್ಷದ ಹುಡುಗಿ ದನಿ ಮೇಡಂ."

"ದನಿ ಯಾರದ್ದಾದ್ರೂ ಆಗ್ಲಿ. ಬೈಗುಳ ನಮ್ಮಕ್ಕಂದು."

ಅವನು ನನ್ನ ಮುಖವನ್ನೇ ನೋಡಿದ. ಆಮೇಲೆ ಕಂಪ್ಯೂಟರ್ ತನ್ನ ಕಡೆ ತಿರುಗಿಸಿಕೊಂಡು, ಆರ್ಗನ್ನಿನ ದಾರಿಯನ್ನೊಮ್ಮೆ, ದನಿಯ ದಾರಿಯನ್ನೊಮ್ಮೆ ಹಾಕಿ ಹಾಕಿ ಕೇಳತೊಡಗಿದ. ಹಳೆಯ ಟೇಪುಗಳಲ್ಲಿ ಹಿಂದುಗಡೆ ಕರೆಂಟು 'ಗುಂಯ್' ಎನ್ನುವ ಸದ್ದು ಸಣ್ಣಗೆ ಇರುತ್ತದಂತೆ. ಆ ಸದ್ದು ಊರಿಗೆಲ್ಲ ಒಂದೇ, ಇವತ್ತಿಗೂ ನಾಳೆಗೂ ಒಂದೇ. ಆರ್ಗನ್ನಿನ ಹಿಂದೆ ಅದು ಇರಬೇಕಾದ ಹಾಗೆಯೇ ಇತ್ತು. ಅಕ್ಕನ ದನಿಯ ಹಿಂದೆ ಮಾತ್ರ ಸ್ವಲ್ಪ ಎತ್ತರದ ಸ್ವರದಲ್ಲಿತ್ತು. ಬೇರೆ ಯಾವುದೋ ತಂತಿಯದ್ದಿರಬೇಕೆಂದು ಅವನು ಅದನ್ನು ಬಿಟ್ಟುಬಿಟ್ಟಿದ್ದನಂತೆ. ಈಗ ಅಕ್ಕನ ದನಿಯ ವೇಗವನ್ನು ಚೂರು ಚೂರೇ ಇಳಿಸುತ್ತ ಹೋದ. ಎರಡೂ 'ಗುಂಯ್' ಒಂದಾಗುವಲ್ಲಿ ನಿಲ್ಲಿಸಿದ.

"ಎರಡು ಮೆಟ್ಟಿಲು," ಎಂದ ತನಗೆ ತಾನೇ. ಆರ್ಗನ್ನಿನ ಮೇಲೆ ಒಂದು ಸ್ವರದಿಂದ ಪಕ್ಕದ ಸ್ವರಕ್ಕೆ ಒಂದು ಮೆಟ್ಟಿಲು, ಹಾಗೆ ಎರಡು.

ಮತ್ತೆ ಹಾಕಿದ. "ಬಾಗಿಲು ತೆಗೀರೋ," ಎಂದಳು ಅಕ್ಕ. ಇಪ್ಪತ್ತು ದಾಟಿದ ನನ್ನ ಅಕ್ಕ, ಸೆಕೆಗೆ ಬೇಸತ್ತು, ನನ್ನ ಆಫೀಸಿನ ಮೇಜಿನ ಪಕ್ಕದಲ್ಲೇ ನಿಂತ ಹಾಗೆ. ಆಮೇಲೆ ಅವನು ಹಾಡನ್ನು ಹಾಕಿದ. ಅದೇ ಹಾಡು, ಅದೇ ಏರು. ಆದರೆ ಈಗ ಅದು ಮನುಷ್ಯರ ಗಂಟಲು ಹೋಗಬಹುದಾದ ಎತ್ತರಕ್ಕೆ ಹೋಗಿ, ಅಲ್ಲಿ ದುಂಡಗೆ, ತುಂಬಿ ನಿಂತಿತು. ಗಾಜಿನ ಹೊಳಪು ಹೋಗಿ ಮೈ ಬಂದಿತ್ತು. ನಾನು ಅತ್ತೆ. ಹೊರಗಿನವನ ಎದುರು ಅಳುವುದು ನನ್ನ ಜಾಯಮಾನವಲ್ಲ, ಆದರೂ ಅತ್ತೆ.

ವಿಷಯ ನನ್ನ ತಲೆಗೆ ನಿಧಾನವಾಗಿ ಇಳಿಯಿತು. ಅಕ್ಕ ಹಾಡುವಾಗ ಟೇಪ್ ಯಂತ್ರ ನಿಧಾನವಾಗಿ ತಿರುಗುತ್ತಿತ್ತು. ಕಿವಿಯಲ್ಲಿದ್ದ ಆರ್ಗನ್ನೂ ಆಗ ತಗ್ಗಿಯೇ ಕೇಳಿಸಿತ್ತು, ಅವಳು ಅದಕ್ಕೆ ಹೊಂದಿಕೊಂಡು ಹಾಡಿದಳು. ವಾರದ ಮೇಲೆ ಸರಿಯಾದ ವೇಗದಲ್ಲಿ ಹಾಕಿದಾಗ ಆರ್ಗನ್ ತನ್ನ ಜಾಗಕ್ಕೆ ಬಂತು, ಅಕ್ಕನ ದನಿ ಮಾತ್ರ ಎರಡು ಮೆಟ್ಟಿಲು ಮೇಲೆ ಹೋಗಿ ಕೂತಿತು. ವೇದಿಕೆಯಲ್ಲಿ ಅವಳು ಮುಟ್ಟಲಾರದೆ ಸೋತ ಎತ್ತರವನ್ನು ಅವಳಾಗಲಿ ಬೇರೆ ಯಾರಾಗಲಿ ಯಾವತ್ತೂ ಹಾಡಿರಲೇ ಇಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ. ಜ್ವರ ಬಂದದ್ದು ಯಂತ್ರಕ್ಕೆ, ಬರೆ ಬಿದ್ದದ್ದು ನನ್ನ ಅಕ್ಕನ ಗಂಟಲಿಗೆ. ನೆಲವೇ ಡೊಂಕಾಗಿತ್ತು.

ನಾನು ಆಫೀಸಿಗೆ ಬೀಗ ಹಾಕಿ ನೇರ ಭಾವನ ಅಂಗಡಿಗೆ ಹೋದೆ. ಅವರು ಒಗೆಯುವ ಯಂತ್ರವೊಂದನ್ನು ಅಡ್ಡ ಮಲಗಿಸಿ ಅದರ ಹೊಟ್ಟೆಯೊಳಗೆ ಕೈಹಾಕಿದ್ದರು. "ಬಾರಮ್ಮ ನಾದಿನಿ, ಯಾರ ಮೇಲೆ ಯುದ್ಧ?" ಎಂದರು. ನಾನು ಒಂದೇ ಉಸಿರಿಗೆ ಹೇಳಿದೆ. ಅವರ ಕೈ ಯಂತ್ರದೊಳಗೇ ನಿಂತುಬಿಟ್ಟಿತು. ಹೊರಗೆ ತೆಗೆದು, ಒರೆಸಿಕೊಳ್ಳದೆ, ಸ್ಟೂಲಿನ ಮೇಲೆ ಕೂತರು.

"ಅವತ್ತು ಬೆಳಿಗ್ಗೆ ಬೇರೆ ಹಾಡಿಗೆ ತಗಡಿನ ಮುಚ್ಚಳ ಟೇಪಿಗೆ ತುಂಬ್ಸಿದ್ವಿ," ಎಂದರು. "ಮುಚ್ಚಳದ ಸದ್ದು ಸಣ್ಣ ಗಂಟೆ ಥರ ಕೇಳಿಸ್ಲಿ ಅಂತ ಯಂತ್ರದ ವೇಗ ನಾನೇ ಇಳಿಸಿದ್ದೆ. ನಿಧಾನಕ್ಕೆ ತುಂಬಿಸಿ ಸರಿಯಾಗಿ ಹಾಕಿದ್ರೆ ಸದ್ದು ಮೇಲಕ್ಕೆ ಹೋಗುತ್ತೆ. ಆಮೇಲೆ ವೇಗದ ಗುಂಡಿ ವಾಪಸ್ ತಿರುಗಿಸೋದು ಮರೆತೆ ಅನ್ಸುತ್ತೆ. ನಿಮ್ಮಕ್ಕನ್ನ ಒಳಗೆ ಕಳಿಸಿ, ಬಟನ್ ಒತ್ತಿ, ನಾವೆಲ್ಲ ಚಹಾ ಕುಡಿಯೋಕೆ ಹೋದ್ವಿ. ಸಾಯಂಕಾಲ ಯಂತ್ರ ಮುಚ್ಚೋವಾಗ ಡ್ರಮ್ಸ್‌ನವನು ಎಲ್ಲ ಗುಂಡಿನೂ ನಟ್ಟನಡುವೆ ತಂದಿಡ್ತಿದ್ದ, ಅವನಿಗೆ ಅದೊಂದು ಚಟ. ಹಾಗಾಗಿ ಯಾರಿಗೂ ಗೊತ್ತಾಗ್ಲಿಲ್ಲ."

"ಅವತ್ತೇ ಒಂದ್ಸಲ ಹಾಕಿ ಕೇಳಿದ್ರೆ ಗೊತ್ತಾಗ್ತಿತ್ತಲ್ಲ ಭಾವ."

"ಗೊತ್ತಾಗ್ತಿತ್ತು. ನನ್ನ ಆರ್ಗನ್ನೇ ತಗ್ಗಿ ಕೇಳಿಸ್ತಿತ್ತು."

"ಕೇಳ್ಬಾರ್ದು ಅಂತ ನಿಯಮ ಮಾಡಿದ್ದು ಯಾರು?"

ಅವರು ಕೈಯ ಗ್ರೀಸು ಒರೆಸಿಕೊಳ್ಳತೊಡಗಿದರು. ನಾನೂ ಅಷ್ಟಕ್ಕೆ ಬಿಡಬೇಕಿತ್ತು, ಬಿಡಲಿಲ್ಲ. ಮೊದಲ ಸಲದ ಮಹಿಮೆ, ಬಿಸಿ ಆರಬೇಕು, ಕಿಸಬಾಯಿ ದಾಸ, ಎಲ್ಲವನ್ನೂ ಎತ್ತಿ ಎತ್ತಿ ಆಡಿದೆ. ಅವರು ಕೇಳಿಸಿಕೊಂಡರು. ಕೊನೆಗೆ, "ನಾನೇ ಹೇಳ್ತೀನಿ ಅವಳಿಗೆ, ಸ್ವಲ್ಪ ದಿನ ಕೊಡು," ಎಂದರು.

ಆ ಸ್ವಲ್ಪ ದಿನದಲ್ಲಿ ಮನುಷ್ಯ ಅರ್ಧವಾದರು. ತಟ್ಟೆಯಲ್ಲಿ ಅನ್ನ ಕಲಸುವರು, ತಿನ್ನರು. ಅಕ್ಕನ ಮುಖ ನೋಡುವರು, ಬಾಯಿ ತೆರೆಯುವರು, "ಉಪ್ಪು ಕೊಡು" ಎನ್ನುವರು. ಅವರ ಕಷ್ಟ ನನಗೆ ಅರ್ಥವಾಗದೆ ಇರಲಿಲ್ಲ. ಒಂದು ಸಂಜೆ ಅಂಗಡಿಯಲ್ಲಿ ಸಿಕ್ಕಾಗ ಹೇಳಿಯೂ ಹೇಳಿದರು.

"ಜನ ಇವತ್ತಿಗೂ ಮೆಚ್ಚೋದು ಆ ಎತ್ತರದ ದನಿನೇ. ಅವಳ ಹತ್ರ ಇರೋದು ಅದೊಂದೇ. ಅದೂ ನಿಂದಲ್ಲ, ಗುಂಡಿದು ಅಂತ ಹೇಗೆ ಹೇಳ್ಲಿ? ಕಳ್ಕೊಂಡೆ ಅಂತ ಬೇಜಾರಿರೋದು ಬೇರೆ. ಇರ್ಲೇ ಇಲ್ಲ ಅಂತ ಗೊತ್ತಾಗೋದು ಬೇರೆ."

"ಕಳ್ಕೊಂಡಿಲ್ಲ ಅಂತಾನೂ ಗೊತ್ತಾಗುತ್ತಲ್ಲ."

"ಅದನ್ನೇ ಅವಳು ಹಿಡ್ಕೊಳ್ತಾಳೆ ಅಂತ ಏನು ಗ್ಯಾರಂಟಿ?"

ನನ್ನ ಹತ್ತಿರ ಗ್ಯಾರಂಟಿ ಇರಲಿಲ್ಲ. ರೀಮಿಕ್ಸಿನವನನ್ನು ಕೇಳಿದರೆ, "ಮೇಡಂಗೆ ಗೊತ್ತಾಗದೆ ನಾನು ಆ ದನಿ ಮುಟ್ಟಲ್ಲ, ಬೇಡ ಅಂದ್ರೆ ಆ ಹಾಡೇ ಆಲ್ಬಂನಲ್ಲಿ ಇರಲ್ಲ," ಎಂದ. ಎರಡೂ ದನಿಗಳನ್ನು ನನ್ನ ಫೋನಿಗೆ ಹಾಕಿಕೊಟ್ಟ. ಅವನು ಒಳ್ಳೆಯವನೇ, ಕಾರು ಮಾತ್ರ ಹಿಂದಕ್ಕೆ ತೆಗೆಯುವಾಗ ಕಂಬ ಹುಡುಕಿಕೊಂಡು ಹೋಗಿ ಗುದ್ದುತ್ತಿದ್ದ.

ಭಾನುವಾರ ಮಧ್ಯಾಹ್ನ. ಊಟದ ಮೇಜಿನ ಮೇಲೆ ಹಳೆಯ ಪೇಪರ್ ಹಾಸಿ ಅಕ್ಕ ಬಟಾಣಿ ಸುಲಿಯುತ್ತಿದ್ದಳು. ನಾನು ಎದುರಿಗೆ ಕೂತು ಕೈ ಹಾಕಿದ್ದೆ. ಭಾವ ಬಂದು ಅವಳ ಪಕ್ಕದಲ್ಲಿ ಕೂತು, "ಈ ಮೋಟರ್ ಇದೆಯಲ್ಲ, ಅದು ನಿಧಾನ ಆಗಿದ್ದಾಗ ಬಟ್ಟೆಗೇನೂ ಗೊತ್ತಾಗಲ್ಲ..." ಎಂದು ಶುರುಮಾಡಿದರು.

"ಲೋ, ಸುತ್ತಿ ಬಳಸಿ ಮಾತಾಡ್ಬೇಡ. ಒಂದು ವಾರದಿಂದ ನೋಡ್ತಿದೀನಿ. ಕಾಯಿಲೆನಾ?"

"ಅಲ್ಲ."

"ಮತ್ತೆ ಹೇಳು."

ಹೇಳಿದರು. ತಗಡಿನ ಮುಚ್ಚಳದಿಂದ ಹಿಡಿದು ಡ್ರಮ್ಸ್‌ನವನ ಚಟದವರೆಗೆ ಏನನ್ನೂ ಬಿಡಲಿಲ್ಲ, ತಮ್ಮನ್ನು ಎಲ್ಲಿಯೂ ಉಳಿಸಿಕೊಳ್ಳಲಿಲ್ಲ. ಅಕ್ಕನ ಕೈ ನಿಲ್ಲಲಿಲ್ಲ. ಅವಳು ಸಿಪ್ಪೆಯನ್ನು ಪಾತ್ರೆಗೂ ಕಾಳನ್ನು ಪೇಪರಿಗೂ ಹಾಕುತ್ತಿದ್ದುದನ್ನು ನಾನೊಬ್ಬಳೇ ಗಮನಿಸಿದೆ.

"ಹಾಕು, ಕೇಳೋಣ," ಎಂದಳು.

ನಾನು ಮೊದಲು ಹಳೆಯದನ್ನು ಹಾಕಿದೆ. ಏರು ಬಂದಾಗ ಅವಳು ಕಣ್ಣು ಮುಚ್ಚಿದಳು, ವೈದ್ಯರ ಸೂಜಿಗೆ ತೋಳು ಕೊಟ್ಟವರ ಹಾಗೆ. ಆಮೇಲೆ ಸರಿಪಡಿಸಿದ್ದನ್ನು ಹಾಕಿದೆ. ಕಣ್ಣು ತೆರೆದಳು. ಪೂರ್ತಿ ಕೇಳಿದಳು. 'ಬಾಗಿಲು ತೆಗೀರೋ' ಬಂದಾಗ ತುಟಿ ಸ್ವಲ್ಪ ಅಲುಗಿತು. "ಇನ್ನೊಂದ್ಸಲ," ಎಂದಳು. ಇನ್ನೊಮ್ಮೆ ಕೇಳಿದಳು.

"ತಪ್ಪು ನಂದು," ಎಂದರು ಭಾವ.

"ಸುಮ್ನಿರು." ಅವಳು ಮೇಜಿನ ಅಂಚನ್ನು ಹಿಡಿದುಕೊಂಡಿದ್ದಳು. "ಹಾಗಾದ್ರೆ ಅಷ್ಟೆತ್ತರ ನಾನು ಯಾವತ್ತೂ ಹಾಡ್ಲಿಲ್ಲ."

"ಇಲ್ಲ."

"ಹೋಯ್ತು ಅನ್ಕೊಂಡಿದ್ದೂ ಹೋಗಿರ್ಲಿಲ್ಲ."

"ಇಲ್ಲ."

ಭಾವ ಅವಳ ಕೈಯ ಹತ್ತಿರ ತಮ್ಮ ಕೈ ಇಟ್ಟರು, ಮುಟ್ಟಲಿಲ್ಲ. ನನಗೆ ಅವಳು ನಗುತ್ತಾಳೆ ಅನ್ನಿಸಿತು, ಒಂದು ಭಾರ ಇಳಿಯಿತಲ್ಲ ಎಂದು. ಅವಳು ನಗಲಿಲ್ಲ.

"ಗುಂಡಿ ಮರೆತಿದ್ದು ಇರ್ಲಿ ಕಣೋ," ಎಂದಳು. ದನಿ ಎಂದಿನಂತೆ ಸಮವಾಗಿಯೇ ಇತ್ತು. "ಮರೆಯದವರು ಯಾರು? ಮೂರು ಸಲ ಸ್ಟೇಜ್ ಹತ್ತಿದೆ. ಮೂರು ಸಲಾನೂ ನನ್ನ ದನಿ ಒಡೀತಿರೋದು ನಿಮಗೆಲ್ಲ ಕೇಳಿಸ್ತಿತ್ತು. ಎರಡು ಮೆಟ್ಟಿಲು ಕೆಳಗೆ ನುಡ್ಸೋಣ, ಇವಳಿಗೆ ಸಲೀಸಾಗುತ್ತೆ ಅಂತ ನಿಮ್ಮಲ್ಲಿ ಒಬ್ಬರಿಗೂ ಹೊಳೀಲಿಲ್ವಾ?"

ಭಾವ ಏನೋ ಹೇಳಲು ಹೋದರು. "ರೆಕಾರ್ಡಲ್ಲಿ ಹಾಗಿತ್ತಲ್ಲ..."

"ಹೂಂ. ರೆಕಾರ್ಡಲ್ಲಿ ಹಾಗಿತ್ತು. ಅದನ್ನ ಇಳಿಸಿದ್ರೆ ಪಾಪ." ಅವಳು ಬಟಾಣಿ ಸಿಪ್ಪೆಯೊಂದನ್ನು ಎತ್ತಿ ಸುಮ್ಮನೆ ನೋಡಿದಳು. "ನಂಗೂ ಹೊಳೀಲಿಲ್ಲ. ಅದೇ ಹೊಟ್ಟೆ ಉರಿಯೋದು. ಏರು ಹತ್ತಲ್ಲ ಅಂದ್ರೆ ಗಾಡಿ ಬೈಬೇಡಿ, ಗೇರ್ ಇಳಿಸಿ ಅಂತ ದಿನಾ ಊರವರಿಗೆಲ್ಲ ಹೇಳ್ತೀನಿ. ಮಗನ್ನ ಮಲಗಿಸೋವಾಗ ಒಂದು ಸಾಲು, ತಗ್ಗಿನ ದನೀಲಿ, ಹಾಡ್ಬಹುದಿತ್ತಲ್ಲ. ಯಾರು ಬೇಡ ಅಂದಿದ್ರು?"

ಆಗ ಅವಳು ಅತ್ತಳು. ಸದ್ದಿಲ್ಲದೆ, ಮುಖ ಮುಚ್ಚಿಕೊಳ್ಳದೆ, ನಮ್ಮಿಬ್ಬರನ್ನೂ ನೋಡುತ್ತಲೇ ಅತ್ತಳು. ಬೈಯುವುದಕ್ಕೆ ಯಾರಾದರೂ ಸಿಗಲಿ ಎಂದು ನಾನು ಹುಡುಕಿದೆ; ಭಾವನನ್ನು ಆಗಲೇ ಬೈದು ಮುಗಿಸಿದ್ದೆ, ಇನ್ನು ಯಾರೂ ಉಳಿದಿರಲಿಲ್ಲ. ಭಾವ ಎದ್ದು ನೀರು ತಂದಿಟ್ಟರು. ಅವಳು ಕುಡಿದಳು. ಪಾತ್ರೆಯಲ್ಲಿದ್ದ ಸಿಪ್ಪೆಗಳನ್ನು ಕಂಡು, "ಇದೇನು ಮಾಡ್ಕೊಂಡಿದೀನಿ," ಎಂದು ಎಲ್ಲವನ್ನೂ ಪೇಪರಿಗೆ ಸುರಿದು, ಮೂವರೂ ಸೇರಿ ಕಾಳನ್ನು ಹೆಕ್ಕಿ ತೆಗೆದೆವು. ಆ ಕೆಲಸಕ್ಕೆ ಬಹಳ ಹೊತ್ತು ಹಿಡಿಯಿತು. ಯಾರಿಗೂ ಅವಸರವಿರಲಿಲ್ಲ.

ಕಾಳು ಮುಗಿಯುತ್ತ ಬಂದಾಗ ಭಾವ ತಲೆ ಎತ್ತದೆ ಕೇಳಿದರು. "ಅವನಿಗೆ ಏನು ಹೇಳ್ಲಿ? ಎರಡು ಮೆಟ್ಟಿಲು ಇಳಿಸಿ ನಿನ್ನ ಹಳೇ ದನಿ ಇಟ್ಕೊಳ್ಲಾ ಅಂತ ಕೇಳ್ತಿದಾನೆ."

ಅಕ್ಕ ಗಂಟಲು ಸರಿಮಾಡಿಕೊಂಡಳು. ಆಮೇಲೆ, ತುಟಿ ಮುಚ್ಚಿಕೊಂಡೇ, ನಮಗೆ ಕೇಳಿಸಿತೋ ಇಲ್ಲವೋ ಎನ್ನುವಷ್ಟು ಸಣ್ಣಗೆ, ಆ ಹಾಡಿನ ಏರನ್ನು ಹಿಡಿದು ನೋಡಿದಳು. ದನಿ ಒರಟಾಗಿತ್ತು, ನಡುವೆ ತಡೆಯಿತು. ಅವಳು ನಿಂತು, ಇನ್ನೂ ಸ್ವಲ್ಪ ತಗ್ಗಿನಿಂದ ಮತ್ತೆ ಶುರುಮಾಡಿದಳು. ಈ ಸಲ ಕೊನೆಯವರೆಗೆ ಹೋಯಿತು. ಭಾವನ ಕೈಯಲ್ಲಿದ್ದ ಕಾಳುಗಳು ಕೈಯಲ್ಲೇ ಇದ್ದವು.

"ಹಳೇದನ್ನ ಎರಡು ಇಳಿಸಿ ಇಟ್ಕೊಳ್ಲಿ," ಎಂದಳು ಅಕ್ಕ. "ಹೊಸದಾಗಿ ನಾನು ಹಾಡೋದಕ್ಕೆ ಎರಡು ಮೆಟ್ಟಿಲು ಸಾಕಾಗಲ್ಲ. ನಾಲ್ಕು ಇಳಿಸ್ಬೇಕು ಅಂತ ಹೇಳು."